150 ಅಡಿ ದೂರದಲ್ಲಿ ಒಂದು ಬೋಟು

ಶನಿವಾರ ರಾತ್ರಿ ಒಂಬತ್ತೂವರೆ ಆಗಿತ್ತು. ನಾವು ಒಂದು ವಾರಕ್ಕೆ ಬಾಡಿಗೆಗೆ ಹಿಡಿದ ಮನೆಯ ಮುಂದೆ, ನೀರಿನೊಳಗೆ ಕಾಲೂರಿ ನಿಂತ ಮರದ ಜಗಲಿ ಇದೆ. ಇಲ್ಲಿಯವರು ಡಾಕ್ ಅನ್ನುತ್ತಾರೆ. ಅಪ್ಪ ಅದರ ತುದಿಗೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು ಕೂತಿದ್ದರು. ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ಹಲಗೆ ಮೇಲೆ ಅಂಗಾತ ಮಲಗಿದ್ದಳು. ಗಾಳಿ ಇರಲಿಲ್ಲ. ನೀರು ಎಣ್ಣೆ ಹಾಗೆ ನಿಂತಿತ್ತು.

ಆಗ ಲೂನ್ ಕೂಗಿತು.

ಲೂನ್ ಅಂದರೆ ನಮ್ಮ ಬಾತುಕೋಳಿಗಿಂತ ದೊಡ್ಡ ನೀರುಹಕ್ಕಿ. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ಮೇಲೆ ಚೌಕಾಬಾರದ ಮನೆಗಳ ಹಾಗೆ ಬಿಳಿ ಬಿಳಿ ಗುರುತು. ಕೂಗು ಮೆಲ್ಲಗೆ ಏರಿ, ಮೇಲೆ ಹೋಗಿ ನಿಂತು, ಮತ್ತೆ ಇಳಿಯುತ್ತದೆ. ಮೊದಲ ಸಲ ಕೇಳಿದವರು ತೋಳ ಅಂದುಕೊಳ್ಳುತ್ತಾರೆ. ಒಂದು ಕೂಗಿದರೆ ದೂರದ ಯಾವುದೋ ಮೂಲೆಯಿಂದ ಇನ್ನೊಂದು ಓಗೊಡುತ್ತದೆ. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. "ಎಂತ ಕೂಸೇ ಅದು?" ಅಂದರು. ನಾನು ಬಾಯಿ ಮೇಲೆ ಬೆರಳಿಟ್ಟೆ. ಎರಡನೆಯದು ಓಗೊಡುವುದನ್ನು ಅವರು ಕೇಳಬೇಕಿತ್ತು.

ಅದಕ್ಕೆ ಮೊದಲೇ ಇನ್ನೊಂದು ಸದ್ದು ಬಂತು. ಮೊದಲು ಎದೆಗೆ ಬಡಿಯಿತು, ಆಮೇಲೆ ಕಿವಿಗೆ. ಕತ್ತಲೆಯಲ್ಲಿ ಒಂದು ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಸೈಲೆನ್ಸರ್ ಕಿತ್ತ ಹತ್ತು ಬೈಕುಗಳನ್ನು ಒಟ್ಟಿಗೆ ರೇಸ್ ಮಾಡಿದ ಹಾಗೆ ಮೊರೆಯುತ್ತಾ ಅದು ಬಲದಿಂದ ಎಡಕ್ಕೆ ಹೋಯಿತು. ಮಗಳು ಎದ್ದು ಕೂತು ಎರಡೂ ಕಿವಿ ಮುಚ್ಚಿಕೊಂಡಳು. ಸದ್ದು ದೂರವಾಯಿತು ಅನ್ನುವಷ್ಟರಲ್ಲಿ ಅದು ಎಬ್ಬಿಸಿದ ಅಲೆ ಬಂತು. ನಮ್ಮ ಬೋಟು ಕಂಬಕ್ಕೆ ಧಡ್ ಅಂತ ಹೊಡೆಯಿತು. ಅಪ್ಪನ ಕಾಲ ಬಳಿ ಇದ್ದ ಕಷಾಯದ ಲೋಟ ಉರುಳಿ ನೀರಿಗೆ ಬಿತ್ತು.

ಆಮೇಲೆ ಅರ್ಧ ಗಂಟೆ ಕೂತೆವು. ಲೂನ್ ಕೂಗಲೇ ಇಲ್ಲ.

ಇದು ವಿನ್ನಿಪಸಾಕಿ ಸರೋವರದ ಮಾತು. ಅಮೆರಿಕದ ಈಶಾನ್ಯದಲ್ಲಿರುವ ಪುಟ್ಟ ರಾಜ್ಯ ನ್ಯೂ ಹ್ಯಾಂಪ್‌ಶೈರ್‌ನ ಅತಿ ದೊಡ್ಡ ಸರೋವರ ಇದು. ಉದ್ದ ಸುಮಾರು 21 ಮೈಲಿ. ಒಳಗೆ 250ಕ್ಕಿಂತ ಜಾಸ್ತಿ ದ್ವೀಪಗಳಿವೆ. ಕೆಲವು ದ್ವೀಪಗಳಲ್ಲಿ ಬೇಸಿಗೆಯಲ್ಲಿ ಜನ ಇರುತ್ತಾರೆ, ಅವರಿಗೆ ಟಪಾಲನ್ನೂ ದೋಣಿಯಲ್ಲೇ ಕೊಡುತ್ತಾರೆ. ನಾವಿರುವ ನಾಶುವಾದಿಂದ ಕಾರಿನಲ್ಲಿ ಒಂದೂಕಾಲು ಗಂಟೆ. ನಾನು ಸರೋವರ ಅಂತ ಬರೆಯುತ್ತಿದ್ದೇನೆ, ಅಪ್ಪ ಮಾತ್ರ ಮೊದಲ ದಿನದಿಂದ ಹಿನ್ನೀರು ಅಂತಲೇ ಕರೆದರು.

ಅವರ ಮಟ್ಟಿಗೆ ದೊಡ್ಡ ನೀರು ಅಂದರೆ ಹಿನ್ನೀರೇ. ನಮ್ಮ ಮನೆ ಇರುವುದು ಸಾಗರ ತಾಲ್ಲೂಕಿನಲ್ಲಿ, ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಾವು ಆಚೆಯವರಾದೆವು. ಪೇಟೆಗೆ ಹೋಗಬೇಕಾದರೆ ಲಾಂಚ್ ಹತ್ತಬೇಕಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಸಿಗಂದೂರಿಗೆ ಬಂದ ಭಕ್ತರು, ಬಸುರಿ ಹೆಂಗಸರು, ಎಲ್ಲರೂ ಅದರಲ್ಲೇ. ಸಂಜೆಯ ಕೊನೇ ಲಾಂಚ್ ತಪ್ಪಿತು ಅಂದರೆ ಅಲ್ಲಿಗೆ ಮುಗಿಯಿತು. ಹೊಳೆಬಾಗಿಲಲ್ಲಿ ಕೂತು ಕಾಯುವಾಗ ದೂರದಿಂದ ಡೀಸೆಲ್ ಇಂಜಿನ್ನಿನ ಡಬ್ ಡಬ್ ಕೇಳಿದರೆ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಹಾಗಾಗಿ ಅಪ್ಪನಿಗೆ ಬೋಟಿನ ಸದ್ದು ಅಂದರೆ ಸಿಟ್ಟು ಬರುವುದಿಲ್ಲ. ಆ ರಾತ್ರಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅವನಿಗೆ ಈ ಹೊತ್ತಲ್ಲಿ ಎಲ್ಲಿಗೆ ಹೋಗಬೇಕಿತ್ತು?"

ಎಲ್ಲಿಗೂ ಇಲ್ಲ ಅಪ್ಪ, ಸುಮ್ನೆ ಓಡಿಸುತ್ತಾರೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಮೊದಮೊದಲು ಅರ್ಥವಾಗಿರಲಿಲ್ಲ. ಅರ್ಥವಾಗಬೇಕಾದರೆ ಈ ರಾಜ್ಯದ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಇಲ್ಲಿಯ ಕಾರುಗಳ ನಂಬರ್ ಪ್ಲೇಟ್ ಮೇಲೆ "ಲಿವ್ ಫ್ರೀ ಆರ್ ಡೈ" ಅಂತ ಬರೆದಿರುತ್ತದೆ. ಬದುಕಿದರೆ ಸ್ವತಂತ್ರವಾಗಿ ಬದುಕು, ಇಲ್ಲದಿದ್ದರೆ ಸಾಯಿ ಅಂತ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಜನರಲ್ ಜಾನ್ ಸ್ಟಾರ್ಕ್ 1809ರಲ್ಲಿ ಬರೆದು ಕಳಿಸಿದ ಮಾತು ಅದು. 1945ರಲ್ಲಿ ರಾಜ್ಯದ ಧ್ಯೇಯವಾಕ್ಯವಾಯಿತು. ಇಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ದೊಡ್ಡವರು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಲೇಬೇಕು ಅನ್ನುವ ಕಾನೂನು ಇಲ್ಲದ ಏಕೈಕ ರಾಜ್ಯ ಇದು. 18 ದಾಟಿದವರು ಬೈಕ್ ಓಡಿಸುವಾಗ ಹೆಲ್ಮೆಟ್ ಹಾಕದಿದ್ದರೂ ಯಾರೂ ಕೇಳುವುದಿಲ್ಲ.

ಆ ನಂಬರ್ ಪ್ಲೇಟಿನ ಮೇಲೇ ಒಂದು ದೊಡ್ಡ ಕೇಸ್ ನಡೆದಿದೆ. ಜಾರ್ಜ್ ಮೇನಾರ್ಡ್ ಅನ್ನುವವರಿಗೆ ಆ ಮಾತು ತಮ್ಮ ಧರ್ಮಕ್ಕೆ ಸರಿ ಬರುವುದಿಲ್ಲ ಅನ್ನಿಸಿ ಅದನ್ನು ಮುಚ್ಚಿದರು. ಕೋರ್ಟು ದಂಡ ಹಾಕಿತು. ಕಟ್ಟುವುದಿಲ್ಲ ಅಂದರು. 15 ದಿನ ಜೈಲಿಗೆ ಹೋದರು. ಕೊನೆಗೆ 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಒಬ್ಬ ಮನುಷ್ಯ ಒಪ್ಪದ ಮಾತನ್ನು ಅವನ ಗಾಡಿ ಮೇಲೆ ಹೊತ್ತು ತಿರುಗು ಅಂತ ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂತ. ಈ ಕಥೆ ನನಗೆ ತುಂಬಾ ಇಷ್ಟ. ಈ ಊರಿನವರು ಸ್ವಾತಂತ್ರ್ಯ ಅಂದಾಗ ಅದನ್ನು ಬಾಯಿಮಾತು ಅಂದುಕೊಳ್ಳಬಾರದು ಅಂತ ನನಗೆ ಗೊತ್ತಾಗಿದ್ದು ಇದರಿಂದ.

ಇಂಥ ರಾಜ್ಯವೇ ವಿನ್ನಿಪಸಾಕಿ ಸರೋವರಕ್ಕೆ ವೇಗದ ಮಿತಿ ಹಾಕಿದೆ. ಹಗಲು ಗಂಟೆಗೆ 45 ಮೈಲಿ, ರಾತ್ರಿ 30 ಮೈಲಿ. ನಮ್ಮ ಲೆಕ್ಕದಲ್ಲಿ 72 ಮತ್ತು 48 ಕಿಲೋಮೀಟರ್. ಅದು ಸುಲಭವಾಗಿ ಬಂದ ಕಾನೂನಲ್ಲ. 2002ರ ಆಗಸ್ಟ್‌ನ ಒಂದು ರಾತ್ರಿ ದೊಡ್ಡ ಬೋಟೊಂದು ಚಿಕ್ಕ ಬೋಟಿನ ಮೇಲೆ ಹತ್ತಿ ಹೋಗಿ ಒಬ್ಬರು ತೀರಿಕೊಂಡರು. ಆಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. 2008ರಲ್ಲಿ ಗವರ್ನರ್ ಜಾನ್ ಲಿಂಚ್ ಸಹಿ ಹಾಕಿದರು. 2009ರ ಜನವರಿಯಿಂದ ಎರಡು ವರ್ಷ ಮಾಡಿ ನೋಡೋಣ ಅಂತ ಜಾರಿಗೆ ತಂದರು, 2010ರಲ್ಲಿ ಕಾಯಂ ಮಾಡಿದರು. ಸರೋವರದ ಮಧ್ಯದಲ್ಲಿ ಬ್ರಾಡ್ಸ್ ಅನ್ನುವ ತುಂಬಾ ಅಗಲವಾದ ಜಾಗ ಇದೆ. ಅಲ್ಲಾದರೂ ಬಿಡಿ ಅಂತ ವೇಗದವರು ಕೇಳಿಕೊಂಡರು. ಬಿಡಲಿಲ್ಲ.

ವಿರೋಧ ಮಾಡಿದವರ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಸರ್ಕಾರವೇ ರೇಡಾರ್ ಇಟ್ಟು ನೋಡಿದಾಗ ಬಹುಪಾಲು ಬೋಟುಗಳು ನಿಧಾನವಾಗಿಯೇ ಹೋಗುತ್ತಿದ್ದವು. ಇಲ್ಲದ ಸಮಸ್ಯೆಗೆ ಕಾನೂನು ಯಾಕೆ ಅಂತ ಅವರು ಕೇಳಿದರು. ಕುಡಿದು ಓಡಿಸುವವನನ್ನು ಹಿಡಿಯಿರಿ, ಬೇಜವಾಬ್ದಾರಿಯವನನ್ನು ಹಿಡಿಯಿರಿ, ಅದಕ್ಕೆ ಆಗಲೇ ಕಾನೂನಿದೆ ಅಂದರು. ನಾನು ಬಹಳ ದಿನ ಇದು ಸರಿಯಾದ ಮಾತು ಅಂದುಕೊಂಡಿದ್ದೆ.

ನನ್ನ ಮನಸ್ಸು ಬದಲಾಗಿದ್ದು ಒಬ್ಬ ಗೆಳತಿಯಿಂದ. ನಾಶುವಾದ ಕನ್ನಡದವಳೇ. ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಕಯಾಕ್ ಅಂದರೆ ಅವಳಿಗೆ ಪ್ರಾಣ. ಮೂರು ಬೇಸಿಗೆ ವಿನ್ನಿಪಸಾಕಿಗೆ ಹೋದಳು. ಒಂದು ಶನಿವಾರ ಅವಳ ಪಕ್ಕದಲ್ಲೇ ಒಂದು ಬೋಟು ಹಾರಿಕೊಂಡು ಹೋಗಿ, ಅವಳ ಕಯಾಕ್ ಮಗುಚಿತು. ಏನೂ ಆಗಲಿಲ್ಲ, ಲೈಫ್ ಜಾಕೆಟ್ ಇತ್ತು. ಆದರೆ ಅವಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಈಗ ಪಕ್ಕದ ಸ್ಕ್ವಾಮ್ ಸರೋವರಕ್ಕೆ ಹೋಗುತ್ತಾಳೆ. ರೇಡಾರ್ ಇಟ್ಟವರು ಎಷ್ಟು ಬೋಟು ಎಷ್ಟು ವೇಗದಲ್ಲಿ ಹೋಯಿತು ಅಂತ ಬರೆದುಕೊಳ್ಳುತ್ತಾರೆ. ಹೆದರಿ ದಡದಲ್ಲೇ ಉಳಿದವರ ಲೆಕ್ಕ ಯಾವ ರೇಡಾರಿಗೆ ಸಿಗುತ್ತದೆ ಹೇಳಿ?

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ, ರಾತ್ರಿಯ ಆ ಬೋಟು ಎರಡು ಮನೆ ಆಚೆಯ ಡಾಕಿಗೆ ಕಟ್ಟಿತ್ತು. ಉದ್ದಕ್ಕೆ, ಚೂಪಾಗಿ, ಮೂಗು ಮುಂದೆ ಚಾಚಿಕೊಂಡು. ಹಿಂದೆ ನೀರಿನಿಂದ ಮೇಲೆ ಗೇಣುದ್ದ ಅಗಲದ ಎರಡು ಉಕ್ಕಿನ ಕೊಳವೆ, ಫಳಫಳ ಹೊಳೆಯುತ್ತಿದ್ದವು. ಒಬ್ಬರು ಬಟ್ಟೆ ಹಿಡಿದು ಅದನ್ನು ಉಜ್ಜುತ್ತಿದ್ದರು. ಅರುವತ್ತು ದಾಟಿರಬಹುದು. ನಮ್ಮನ್ನು ಕಂಡು ಕೈಯೆತ್ತಿದರು. ಅಪ್ಪನೂ ಕೈಯೆತ್ತಿದರು.

ಹತ್ತು ಗಂಟೆಗೆ ನಮ್ಮ ಪಾಂಟೂನ್ ಸ್ಟಾರ್ಟ್ ಆಗಲಿಲ್ಲ. ಪಾಂಟೂನ್ ಅಂದರೆ ಎರಡು ಉದ್ದ ಅಲ್ಯೂಮಿನಿಯಂ ಡ್ರಮ್ಮುಗಳ ಮೇಲೆ ಒಂದು ಜಗಲಿ ಕೂರಿಸಿ, ಹಿಂದೆ ಇಂಜಿನ್ ಇಟ್ಟ ಹಾಗಿರುವ ಬೋಟು. ನಮ್ಮವರು ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಂಡಿದ್ದಾರೆ. 25 ಹಾರ್ಸ್‌ಪವರ್ ದಾಟಿದ ಬೋಟು ಓಡಿಸಲು ಇಲ್ಲಿ ಅದು ಬೇಕೇ ಬೇಕು. ಆದರೆ ಪರೀಕ್ಷೆಯಲ್ಲಿ ಇಂಜಿನ್ ರಿಪೇರಿ ಕೇಳುವುದಿಲ್ಲ. ಪಕ್ಕದವರು ಕರೆಯದೆ ತಾವೇ ಬಂದರು, ಬ್ಯಾಟರಿ ತಂತಿ ಬಿಗಿ ಮಾಡಿದರು, ಇಂಜಿನ್ ಹೊಡೆಯಿತು. ನಾನು ಅವರಿಗೆ ಕಾಫಿ ಕೊಟ್ಟೆ. ಆಮೇಲೆ ಧೈರ್ಯ ಮಾಡಿ ರಾತ್ರಿಯ ಮಾತು ಎತ್ತಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ವರ್ಷಪೂರ್ತಿ ಮನೆಗಳ ಮಾಡಿಗೆ ಹೊದಿಕೆ ಹಾಕುವ ಕೆಲಸ ಅವರದ್ದು. ನಲವತ್ತು ವರ್ಷ ಏಣಿ ಹತ್ತಿ ಇಳಿದು ಮೊಣಕಾಲು ಹೋಗಿದೆ. ಆ ಬೋಟಿಗಾಗಿ ಹನ್ನೆರಡು ವರ್ಷ ದುಡ್ಡು ಕೂಡಿಟ್ಟರಂತೆ. "ವಾರವಿಡೀ ಬೇರೆಯವರು ಹೇಳಿದ ಹಾಗೆ ಕೇಳುತ್ತೇನೆ. ಆ ಇಂಜಿನ್ ಸದ್ದು ಕೇಳಿದಾಗ ಮಾತ್ರ ನಾನು ನನ್ನವನು ಅನ್ನಿಸುತ್ತದೆ" ಅಂದರು. ನಾನು ಸೀಟ್ ಬೆಲ್ಟ್ ಹಾಕುವುದಿಲ್ಲ, ಅದು ನನ್ನ ತಲೆ, ನನ್ನ ಇಷ್ಟ ಅಂದರು. ಈ ದಡದಲ್ಲಿ ಮನೆ ಕಟ್ಟಿದವರು ಸರೋವರವನ್ನೇ ಕೊಂಡುಕೊಂಡ ಹಾಗೆ ಆಡುತ್ತಾರೆ ಅಂತಲೂ ಅಂದರು.

ಕೊನೆಯ ಮಾತು ಪೂರ್ತಿ ನಿಜ. ಇಲ್ಲಿ 10 ಎಕರೆಗಿಂತ ದೊಡ್ಡ ಸಹಜ ಸರೋವರಗಳು ಯಾರ ಸ್ವತ್ತೂ ಅಲ್ಲ. ಜನರ ಪರವಾಗಿ ರಾಜ್ಯ ಅವನ್ನು ಇಟ್ಟುಕೊಂಡಿದೆ. ದಡ ಕೊಳ್ಳಬಹುದು, ನೀರು ಕೊಳ್ಳಲಾಗದು. ಕೋಟಿಗಟ್ಟಲೆ ಕೊಟ್ಟು ಮನೆ ಕಟ್ಟಿದವರಿಗೂ, ಸಾರ್ವಜನಿಕ ದಾರಿಯಿಂದ ಹಳೇ ದೋಣಿ ಇಳಿಸುವವನಿಗೂ ನೀರಿನ ಮೇಲೆ ಒಂದೇ ಹಕ್ಕು. ಇದು ತುಂಬಾ ಒಳ್ಳೆಯ ಪದ್ಧತಿ ಅಂತ ನನಗೆ ಅನ್ನಿಸುತ್ತದೆ. ಶಾಂತಿ ಬೇಕು ಅನ್ನುವವರೆಲ್ಲ ಒಳ್ಳೆಯವರು, ಸದ್ದು ಮಾಡುವವರೆಲ್ಲ ಕೆಟ್ಟವರು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟೋ ಸಲ ಶಾಂತಿಯ ಹೆಸರಲ್ಲಿ ಹಣವಂತರು ಬಡವರನ್ನು ದೂರ ಇಡುತ್ತಾರೆ. ಪಕ್ಕದವರ ಮುಖ ನೋಡಿದಾಗ ನನಗೆ ಇದು ಚೆನ್ನಾಗಿ ಅರ್ಥವಾಯಿತು.

ಆದರೆ ಸೀಟ್ ಬೆಲ್ಟಿನ ಮಾತು ಬೇರೆ, ಈ ಮಾತು ಬೇರೆ. ಅವರು ಬೆಲ್ಟ್ ಹಾಕದಿದ್ದರೆ ಪೆಟ್ಟು ಬೀಳುವುದು ಅವರಿಗೆ. ಅವರ ಇಂಜಿನ್ನಿನ ಸದ್ದು ಅವರ ಬೋಟಿನೊಳಗೆ ಉಳಿಯುವುದಿಲ್ಲ. ನೀರಿನ ಮೇಲೆ ತಡೆಯಲು ಮರವಿಲ್ಲ, ಗೋಡೆಯಿಲ್ಲ. ರಾತ್ರಿ ನೀರಿಗೆ ತಾಗಿದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಆಗ ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೇ ಇಳಿಯುತ್ತದೆ. ಆಚೆ ದಡದವರು ಮಾತಾಡುವುದೂ ಈಚೆಗೆ ಕೇಳುವುದು ಅದಕ್ಕೇ. ಅವರು ಕೈಯಲ್ಲಿ ಗೇರ್ ಮುಂದೂಡಿದ ಒಂದೊಂದು ಸಲವೂ ಸುತ್ತಲಿನ ನೂರಾರು ಮನೆಗಳ ಒಳಗೆ ಬರುತ್ತಾರೆ. ಇದನ್ನೇ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬರುವುದು ವರ್ಷಕ್ಕೆ ಒಂದು ವಾರ ಅಲ್ವಾ?" ಅಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಮಂಗಳವಾರ ಸಂಜೆ ಇನ್ನೊಂದು ಆಯಿತು. ನಾವು ನಾಲ್ವರೂ ಪಾಂಟೂನಿನಲ್ಲಿ ಒಂದು ದ್ವೀಪದ ಹತ್ತಿರ ನಿಲ್ಲಿಸಿಕೊಂಡು ಸೂರ್ಯ ಮುಳುಗುವುದು ನೋಡುತ್ತಿದ್ದೆವು. ಇಲ್ಲಿ ಒಂದು ನಿಯಮ ಇದೆ, ಪರೀಕ್ಷೆಯಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ದಡ, ಡಾಕ್, ಈಜುವವರು, ಇನ್ನೊಂದು ಬೋಟು, ಇವುಗಳಿಂದ 150 ಅಡಿ ಒಳಗೆ ಬಂದರೆ ಗಂಟೆಗೆ 6 ಮೈಲಿಗಿಂತ ಜೋರಾಗಿ ಹೋಗಬಾರದು. 150 ಅಡಿ ಅಂದರೆ ಎರಡು ಕ್ರಿಕೆಟ್ ಪಿಚ್ಚಿಗಿಂತ ಸ್ವಲ್ಪ ಜಾಸ್ತಿ. ಎಲ್ಲಿಂದಲೋ ಬಂದ ಒಂದು ಬೋಟು, ಹಾಡು ಜೋರಾಗಿ ಹಾಕಿಕೊಂಡು, ಒಂದು ಪಿಚ್ಚಿನಷ್ಟೂ ದೂರ ಬಿಡದೆ ನಮ್ಮ ಪಕ್ಕದಲ್ಲಿ ಹಾದು ಹೋಯಿತು. ಅಲೆಗೆ ನಮ್ಮ ಬೋಟು ಎದ್ದು ಬಿತ್ತು. ಅಪ್ಪ ಸೀಟಿನಿಂದ ಜಾರಿ ಕೆಳಗೆ ಬಿದ್ದರು. ಎಪ್ಪತ್ನಾಲ್ಕು ವರ್ಷದವರು. ಮೊಣಕೈ ತರಚಿ ರಕ್ತ ಬಂತು, ಅಷ್ಟೇ. ಆದರೆ ಆ ಒಂದು ಕ್ಷಣ ನನ್ನ ಜೀವ ಬಾಯಿಗೆ ಬಂದಿತ್ತು.

ನಮ್ಮವರು ಮರೀನ್ ಪಟ್ರೋಲ್‌ಗೆ ಫೋನ್ ಮಾಡಿದರು. ಇಲ್ಲಿ ರಾಜ್ಯದ ಪೊಲೀಸ್ ಇಲಾಖೆಯೊಳಗೇ ನೀರಿಗಾಗಿ ಬೇರೆ ದಳ ಇದೆ. ನಾವು ದಡ ಸೇರಿದ ಸ್ವಲ್ಪ ಹೊತ್ತಿಗೆ ಅವರ ಬೋಟು ನಮ್ಮ ಡಾಕಿಗೆ ಬಂತು. ಯುವ ಅಧಿಕಾರಿ. ಮೊದಲು ಅಪ್ಪನ ಕೈ ನೋಡಿದರು. ಆಮೇಲೆ ಕೇಳಿದರು, ಬೋಟಿನ ಮೂತಿ ಮೇಲಿನ ನಂಬರ್ ನೋಡಿದ್ರಾ? ನೋಡಿರಲಿಲ್ಲ. ಬಣ್ಣ? ಬಿಳಿ ಅಂದೆ. ಈ ಸರೋವರದಲ್ಲಿ ಬಿಳಿ ಬೋಟು ಎಷ್ಟಿದೆಯೋ ದೇವರಿಗೇ ಗೊತ್ತು. ಅವರು ಎಲ್ಲವನ್ನೂ ಬರೆದುಕೊಂಡರು. ಹಿಡಿಯುವುದು ಕಷ್ಟ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು.

ನಾನು ಸದ್ದಿನ ವಿಷಯವನ್ನೂ ಕೇಳಿದೆ. ಅವರು ಹೇಳಿದ್ದು ಕೇಳಿ ನನಗೆ ಕಣ್ಣು ತೆರೆದ ಹಾಗಾಯಿತು. ಸಾಮಾನ್ಯ ಬೋಟಿನ ಹೊಗೆ ಪ್ರೊಪೆಲ್ಲರ್ ಮಧ್ಯದಿಂದ ನೀರೊಳಗೇ ಹೋಗುತ್ತದೆ. ನೀರೇ ಸೈಲೆನ್ಸರ್. ವೇಗದ ಬೋಟುಗಳಲ್ಲಿ ಹೊಗೆಕೊಳವೆ ನೀರಿನ ಮೇಲೆ ಬಾಯಿ ತೆರೆಯುತ್ತದೆ. ಕೆಲವು ಬೋಟುಗಳಲ್ಲಿ ಎರಡೂ ಇರುತ್ತದೆ. ಡ್ರೈವರ್ ಪಕ್ಕದಲ್ಲಿ ಒಂದು ಸ್ವಿಚ್. ಒತ್ತಿದರೆ ಸದ್ದು ನೀರೊಳಗೆ, ಬಿಟ್ಟರೆ ಗಾಳಿಗೆ. ಪೊಲೀಸ್ ಬೋಟು ಕಂಡರೆ ಒತ್ತಿದರಾಯಿತು. ಸೈಲೆನ್ಸರ್ ತೆಗೆಯುವುದು, ಸದ್ದು ಜಾಸ್ತಿಯಾಗುವ ಹಾಗೆ ಬದಲಾಯಿಸುವುದು, ಅದಕ್ಕೆ ಅಡ್ಡದಾರಿ ಮಾಡುವುದು ಈ ರಾಜ್ಯದಲ್ಲಿ ತಪ್ಪು. ಆದರೆ ಸದ್ದು ಕೇಳಿದ ಕಿವಿ ಒಂದು ಕಡೆ ಇರುತ್ತದೆ, ಅಳೆಯುವ ಮೀಟರ್ ಇನ್ನೊಂದು ಕಡೆ.

ಅಳತೆಯದ್ದೂ ಒಂದು ಕಥೆ. ಅಮೆರಿಕದ ಹಲವು ರಾಜ್ಯಗಳು ಎರಡು ರೀತಿ ಅಳೆಯುತ್ತವೆ. ಒಂದು, ಬೋಟು ನಿಲ್ಲಿಸಿ, ಇಂಜಿನ್ ಸುಮ್ಮನೆ ಓಡುತ್ತಿರುವಾಗ ಒಂದು ಮೀಟರ್ ದೂರದಿಂದ. ಅಲ್ಲಿ 90 ಡೆಸಿಬೆಲ್ ಒಳಗಿರಬೇಕು. ಇನ್ನೊಂದು, ದಡದಲ್ಲಿ ನಿಂತು, ಓಡುವ ಬೋಟನ್ನು. ಅಲ್ಲಿ 75. ಮೊದಲನೆಯದು ಪೊಲೀಸರಿಗೆ ಸುಲಭ. ಆದರೆ ನಿಂತಾಗ ಬೆಕ್ಕಿನ ಹಾಗೆ ಗುರುಗುಟ್ಟುವ ಇಂಜಿನ್ನು, ಓಡುವಾಗ ಹುಲಿಯಾಗುತ್ತದೆ. ಎರಡನೆಯದು ನ್ಯಾಯವಾದ ಅಳತೆ. ಆದರೆ ಹತ್ತು ಬೋಟು ಒಟ್ಟಿಗೆ ಓಡುತ್ತಿದ್ದರೆ ಸದ್ದು ಯಾರದ್ದು ಅಂತ ಹೇಗೆ ಹೇಳುವುದು? ಡೆಸಿಬೆಲ್ ಲೆಕ್ಕವೂ ನಮ್ಮ ಸಾಮಾನ್ಯ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಕೇಳುತ್ತದೆ.

ನಮ್ಮಲ್ಲಿ ಕಾನೂನು ಇಲ್ಲ ಅಂತ ಯಾರೂ ತಿಳಿಯಬೇಡಿ. 2000ದಿಂದ ಶಬ್ದ ಮಾಲಿನ್ಯದ ನಿಯಮ ಇದೆ. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕ್ ಹಾಕುವ ಹಾಗಿಲ್ಲ. ಬೈಕುಗಳ ಸೈಲೆನ್ಸರ್ ಕಿತ್ತು ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ. ನನಗೆ ಇಲ್ಲಿ ಬೇರೆಯಾಗಿ ಕಂಡದ್ದು ಒಂದೇ. ಪೊಲೀಸರಿಗೆ ಫೋನ್ ಮಾಡಿದ ಮಾರನೇ ದಿನ ಯಾರೂ ನಮ್ಮನ್ನು ಓರೆಗಣ್ಣಿಂದ ನೋಡಲಿಲ್ಲ. ಊರಿನಲ್ಲಿ ಹಬ್ಬದ ಮೈಕಿನ ಬಗ್ಗೆ ಒಂದು ಮಾತು ಆಡಿದ್ದಕ್ಕೆ ನಮ್ಮ ಚಿಕ್ಕಪ್ಪನವರ ಮನೆಗೆ ವರ್ಷಗಟ್ಟಲೆ ಜನ ಹೋಗಿರಲಿಲ್ಲ.

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಅಪ್ಪ ನನ್ನನ್ನು ಎಬ್ಬಿಸಿದರು. ಡಾಕಿನ ಮುಂದೆ ಲೂನ್ ಇತ್ತು. ಬೆನ್ನ ಮೇಲೆ ಬೂದಿಬಣ್ಣದ ಮರಿ. ನಮ್ಮ ಮುಷ್ಟಿಯಷ್ಟು ದೊಡ್ಡದು ಇರಬಹುದು, ಅಮ್ಮನ ರೆಕ್ಕೆ ಸಂದಿಯಿಂದ ತಲೆ ಮಾತ್ರ ಆಚೆ ಹಾಕಿತ್ತು. ಇನ್ನೊಂದು ಲೂನ್ ಮುಳುಗಿ ಮೀನು ತಂದು ಆ ಪುಟ್ಟ ಕೊಕ್ಕಿಗೆ ಕೊಡುತ್ತಿತ್ತು. ಒಂದು ಸಲ ಮೀನು ಜಾರಿತು. ಅದು ಮತ್ತೆ ಮುಳುಗಿ ಅದೇ ಮೀನನ್ನು ಹಿಡಿದು ತಂದಿತು. ಅಪ್ಪ ಉಸಿರು ಬಿಡದೆ ನೋಡಿದರು.

ಲೂನಿನ ಕಾಲು ದೇಹದ ತೀರಾ ಹಿಂಭಾಗದಲ್ಲಿದೆ. ಈಜಲು, ಮುಳುಗಲು ಅದರಂಥ ಕಾಲು ಇಲ್ಲ. ನೆಲದ ಮೇಲೆ ಮಾತ್ರ ನಡೆಯಲು ಬಾರದು. ಅದಕ್ಕೇ ನೀರಿಗೆ ತಾಗಿದ ಹಾಗೇ ಗೂಡು ಕಟ್ಟುತ್ತದೆ. ಸಾಮಾನ್ಯವಾಗಿ ಎರಡೇ ಮೊಟ್ಟೆ. ಸುಮಾರು ನಾಲ್ಕು ವಾರ ಕಾವು. ಒಂದು ಬೋಟು ಹತ್ತಿರದಲ್ಲಿ ಜೋರಾಗಿ ಹೋದರೆ ಸಾಕು, ಅಲೆ ಬಂದು ಮೊಟ್ಟೆ ತೊಳೆದುಕೊಂಡು ಹೋಗುತ್ತದೆ. ಈ ರಾಜ್ಯದಲ್ಲಿ ಲೂನ್ ಅಪಾಯದಲ್ಲಿರುವ ಹಕ್ಕಿ. 1975ರಿಂದ ಲೂನ್ ಪ್ರಿಸರ್ವೇಶನ್ ಕಮಿಟಿ ಅಂತ ಒಂದು ಸಂಸ್ಥೆ ಇದಕ್ಕಾಗಿಯೇ ದುಡಿಯುತ್ತಿದೆ. ಗೂಡಿನ ಸುತ್ತ ಹಗ್ಗ ಕಟ್ಟಿ, ತೇಲುವ ಬೋರ್ಡ್ ಹಾಕುತ್ತಾರೆ. ದೊಡ್ಡ ಲೂನುಗಳನ್ನು ಹೆಚ್ಚು ಕೊಂದಿದ್ದು ಬೋಟಲ್ಲ, ಗಾಳಕ್ಕೆ ಕಟ್ಟುವ ಸೀಸದ ಗುಂಡು ಅಂತ ಕಂಡುಕೊಂಡವರೂ ಅವರೇ. ಸಣ್ಣ ಸೀಸದ ಗುಂಡುಗಳನ್ನು 2016ರಿಂದ ಇಲ್ಲಿ ಮಾರುವ ಹಾಗಿಲ್ಲ, ಬಳಸುವ ಹಾಗಿಲ್ಲ. ಅದಕ್ಕೂ ಆಗ ಗಾಳ ಹಾಕುವವರು, ನಮ್ಮ ಹಕ್ಕು ಕಿತ್ತುಕೊಂಡರು ಅಂದಿದ್ದರು.

ಯಾರ ಹಕ್ಕು ಅನ್ನುವ ಮಾತು ಬಂದಾಗ ನಾನು ಆ ಮರಿಯನ್ನೇ ನೆನೆಯುತ್ತೇನೆ. ಅದು ದೂರು ಕೊಡುವುದಿಲ್ಲ. ಬೋಟಿನ ನಂಬರ್ ಓದಿಕೊಳ್ಳುವುದಿಲ್ಲ. ಬೇರೆ ಕಡೆ ಹೋಗೋಣ ಅಂದರೆ ಇನ್ನೂ ರೆಕ್ಕೆ ಬಲಿತಿಲ್ಲ. ಅದರ ಪರವಾಗಿ ಯಾರಾದರೂ ಒಂದು ಅಳತೆ ಹಾಕಲೇಬೇಕು. 150 ಅಡಿ ಅನ್ನುವುದು ಅಂಥ ಅಳತೆ. ಅದು ಯಾರಿಗೂ ಬೋಟು ಓಡಿಸಬೇಡ ಅನ್ನುವುದಿಲ್ಲ. ಪಕ್ಕದ ರಾಜ್ಯ ವರ್ಮಾಂಟ್ 2024ರಲ್ಲಿ ಬೇಕೆಂದೇ ದೊಡ್ಡ ಅಲೆ ಎಬ್ಬಿಸುವ ವೇಕ್ ಬೋಟುಗಳ ಆಟಕ್ಕೆ ದಡದಿಂದ 500 ಅಡಿ ದೂರ ಗೊತ್ತು ಮಾಡಿತು. ನ್ಯೂ ಹ್ಯಾಂಪ್‌ಶೈರೂ ಹಾಗೆ ಮಾಡಬೇಕು ಅನ್ನುವವಳು ನಾನು. ಆ ಸ್ವಿಚ್ಚನ್ನಂತೂ ಬೋಟಿಗೆ ಹಾಕಲೇಬಾರದು. ಪೊಲೀಸರು ಕಂಡಾಗ ಒತ್ತುವುದಕ್ಕೆ ಅಂತಲೇ ಒಂದು ಸ್ವಿಚ್ ಬೇಕಾಗುತ್ತದೆ ಅಂದರೆ, ಮಾಡುತ್ತಿರುವುದು ತಪ್ಪು ಅಂತ ಒತ್ತುವವನಿಗೇ ಗೊತ್ತಿದೆ ಅಲ್ವಾ?

ಒಂದು ಹೇಳುವುದು ಮರೆತೆ. ಅದೇ ವಾರ, 2025ರ ಜುಲೈ 14ರ ಸೋಮವಾರ, ನಮ್ಮೂರಿನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಹಿನ್ನೀರಿನ ಮೇಲೆ 2.44 ಕಿಲೋಮೀಟರ್. ಅರುವತ್ತು ವರ್ಷ ಕಾದ ಸೇತುವೆ. ಅಡಿಕೆ ತೋಟ, ದನ ಬಿಟ್ಟು ಬರಲಾಗದೆ ಅಮ್ಮ ಊರಲ್ಲೇ ಉಳಿದಿದ್ದರು. ಅವರು ವಿಡಿಯೋ ಕಳಿಸಿದರು. ಅಪ್ಪ ಅದನ್ನು ಡಾಕಿನ ಮೇಲೆ ಕೂತು ಐದಾರು ಸಲ ನೋಡಿದರು. ಖುಷಿಯಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಇನ್ನು ಲಾಂಚ್ ಸದ್ದು ಇಲ್ಲ ಹಾಗಾದ್ರೆ" ಅಂದರು.

ಶುಕ್ರವಾರ, ಕೊನೆಯ ಸಂಜೆ. ಅಮ್ಮನಿಗೆ ಲೂನ್ ಕೂಗು ಕೇಳಿಸಬೇಕು ಅಂತ ಅಪ್ಪ ಹಟ ಹಿಡಿದರು. ಫೋನ್ ರೆಕಾರ್ಡಿಂಗ್‌ಗೆ ಇಟ್ಟು ಎಲ್ಲರೂ ಸುಮ್ಮನೆ ಕೂತೆವು. ಮಗಳು ಕೆಮ್ಮು ಬಂದರೂ ತಡೆದುಕೊಂಡಳು. ಲೂನ್ ಕೂಗಿತು. ಈ ಸಲ ಆಚೆ ದಡದಿಂದ ಇನ್ನೊಂದು ಓಗೊಟ್ಟಿತು. ಅಷ್ಟರಲ್ಲಿ ಪಕ್ಕದವರು ತಮ್ಮ ಬೋಟು ಬಿಚ್ಚಿದರು. ನಾನು ಫೋನ್ ನಿಲ್ಲಿಸಲು ಕೈ ಚಾಚಿದೆ. ಅಪ್ಪ ಬೇಡ ಅಂತ ತಡೆದರು.

ಬೋಟು ಗುಡುಗುಡು ಅನ್ನುತ್ತಾ ನಿಧಾನಕ್ಕೆ ಹೊರಟಿತು. ನಮ್ಮ ಡಾಕ್ ದಾಟಿತು. ಲೂನುಗಳು ತೇಲುತ್ತಿದ್ದ ಕಡೆ ಬಂದಾಗ ಅವರು ಇನ್ನೂ ನಿಧಾನ ಮಾಡಿ, ಸುತ್ತು ಹಾಕಿ ಹೋದರು. ಸುತ್ತ ಎಲ್ಲೂ ಪೊಲೀಸರು ಇರಲಿಲ್ಲ. ಬಹಳ ದೂರ ಹೋದ ಮೇಲೆ ಒಮ್ಮೆ ತಿರುಗಿ ನಮ್ಮ ಕಡೆ ಕೈಯೆತ್ತಿದರು. ಆಮೇಲೆ ಇಂಜಿನ್ ಪೂರ್ತಿ ಬಿಟ್ಟರು. ಸದ್ದು ಗುಡ್ಡಕ್ಕೆ ಹೊಡೆದು ವಾಪಸ್ ಬಂತು.

ರೆಕಾರ್ಡಿಂಗ್ ಹಾಗೇ ಅಮ್ಮನಿಗೆ ಕಳಿಸಿದೆವು. ಅಲ್ಲಿ ಬೆಳಗಿನ ಜಾವ. ಹಾಲು ಕರೆದು ಬಂದ ಮೇಲೆ ಕೇಳಿದರಂತೆ. ಉತ್ತರಕ್ಕೆ ವಾಯ್ಸ್ ಮೆಸೇಜ್ ಬಂತು. ಹಕ್ಕಿ ಚೆಂದ ಕೂಗುತ್ತದೆ ಅಂದರು. ಆಮೇಲೆ, "ಹಿಂದೆ ಲಾಂಚ್ ಬಂದ ಹಾಗೆ ಕೇಳ್ತಲ್ಲ, ಅಲ್ಲೂ ಲಾಂಚ್ ಇದ್ಯಾ?" ಅಂತ ಕೇಳಿದರು. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನು ಮತ್ತೆ ಮೊದಲಿಂದ ಹಾಕಿದರು.